ಹದಿನಾರು ಇಂಚಿಗೊಂದು

ಝೆಲಿ ದೆವೋ ಒಂದು ಗೆರೆ ಎಳೆದರೆ ಸಾಕು
ತೆರೆಯ ಮೇಲೆ ಗೋಡೆ ಏಳುತ್ತದೆ:
ಹದಿನಾರು ಇಂಚಿಗೊಂದು ನಿಲುಗಂಬ,
ಕೆಳಗೆ ಅಡಿಪಟ್ಟಿ, ಮೇಲೆ ಜೋಡುಪಟ್ಟಿ,
ಕಿಟಕಿ ಇಟ್ಟಲ್ಲಿ ಕಂಬಗಳು ತಾವೇ ಸರಿದು
ತಲೆಯ ಮೇಲೊಂದು ತೊಲೆ ಹೊತ್ತುಕೊಳ್ಳುತ್ತವೆ.
ಗಂಟಿಲ್ಲದ ಮರ. ಹಸಿಯಿಲ್ಲ, ಬಿರುಕಿಲ್ಲ,
ಅಂಟು ಸುರಿಸುವುದಿಲ್ಲ, ಬಿಸಿಲಿಗೆ ಸೊಟ್ಟಗಾಗುವುದಿಲ್ಲ.
ಎರಡು-ನಾಲ್ಕು ಎಂದು ಕರೆಸಿಕೊಳ್ಳುವ ತುಂಡು
ಅಳೆದರೆ ಒಂದೂವರೆ, ಮೂರೂವರೆ;
ಮಿಕ್ಕಿದ್ದನ್ನು ಮಿಲ್ಲಿನ ಕೀಸುಳಿ ತಿಂದಿದೆ.
ಆ ಒಂದು ಸುಳ್ಳು ಮಾತ್ರ ಸಾಫ್ಟ್‌ವೇರಿಗೂ ಗೊತ್ತು.

ಊರು ಶೆಟಿಕಾಂಪ್, ಕೇಪ್ ಬ್ರೆಟನ್ನಿನ ಪಡುವಣ ಅಂಚು.
ಎದುರಿಗೆ ಕಡಲು, ಬೆನ್ನಿಗೆ ಬೆಟ್ಟ.
ಗಾಳಿ ಕಡಲಿಂದ ಬಂದೀತೆಂದು ಹೊಸಬರು ಕಾಯುತ್ತಾರೆ,
ಅದು ಬೆಟ್ಟ ಇಳಿದು ಬೆನ್ನಿಗೆ ಗುದ್ದುತ್ತದೆ.
ಸುಯೆತ್ ಎನ್ನುತ್ತಾರೆ. ಆಗ್ನೇಯದ ಗಾಳಿ.
ಆ ಮೂಲೆಗೆ ಬೆಂಕಿಯ ಹೆಸರಿಟ್ಟವರು
ಇಲ್ಲಿ ಒಲೆ ಹಚ್ಚಿ ನೋಡಿರಲಿಕ್ಕಿಲ್ಲ.

ಓಡಿಲ್ ಲಫೋರ್‌ಗೆ ಹಿಂಗೋಡೆಯಲ್ಲೊಂದು ಕಿಟಕಿ ಬೇಕು,
ಪಾತ್ರೆ ತೊಳೆಯುವಾಗ ಬೆಟ್ಟ ಕಾಣಬೇಕು.
ಹೊಸದನ್ನು ಬರೆಯುವ ಮೊದಲು ಇದ್ದದ್ದನ್ನು ಇದ್ದಂತೆ ಬರೆಯಬೇಕು.
ಬಡಗಿ ಆನ್ಸೆಲ್ಮ್ ಒಳಹಲಗೆ ಕಿತ್ತ.

ಹದಿನಾರಿಗೊಂದು ಎಲ್ಲಿ ಬಂತು!
ಒಂದು ಹದಿನೆಂಟಕ್ಕೆ, ಒಂದು ಏಳಕ್ಕೆ,
ಎರಡು ಕಂಬ ಕುಡುಕರ ಹಾಗೆ ಹೆಗಲಿಗೆ ಹೆಗಲು ಕೊಟ್ಟು,
ಒಂದಂತೂ ಕಂಬವೇ ಅಲ್ಲ,
ದೋಣಿಯ ಹುಟ್ಟು, ತುದಿ ಕೊಯ್ದು ಮೊಳೆ ಹೊಡೆದದ್ದು.
ಪಕ್ಕದ ಮರದ ಮೇಲೆ ಪೆನ್ಸಿಲಿನಲ್ಲಿ:
ಎಪ್ಪತ್ತನಾಲ್ಕು, ಫೆಬ್ರವರಿ, ರಾತ್ರಿ.
ಹುಟ್ಟಿನ ಮೇಲೆ ಬರೀ ಇಷ್ಟು:
ಮತ್ತೆ.

"ಮಾವನ ಕೈಬರಹ," ಎಂದಳು ಓಡಿಲ್,
"ಮಾತು ಕಡಿಮೆ ಅವರದು."

ಕಚೇರಿಯಲ್ಲಿ ಝೆಲಿ ಅವನ್ನೆಲ್ಲ ಒಂದೊಂದಾಗಿ ನಿಲ್ಲಿಸಿದಳು.
ತೆರೆ ಕೆಂಪಾಯಿತು.
ಅಂತರ ತಪ್ಪಿದೆ. ಒಂದರೊಳಗೊಂದು ನುಗ್ಗಿದೆ.
ಅನಗತ್ಯ ಸಾಮಗ್ರಿ, ಅಳಿಸಲೇ?
ಬೇಡ.
ಅಳಿಸಲೇ?
ಬೇಡ. ಹೀಗೆ ಹನ್ನೊಂದು ಸಲ.
ಹುಟ್ಟಿಗೆ ಯಾವ ವರ್ಗವೂ ಒಗ್ಗಲಿಲ್ಲ, 'ಇತರೆ'ಗೆ ಸೇರಿಸಿದಳು,
ಷರಾದ ಖಾನೆಯಲ್ಲಿ 'ಮತ್ತೆ' ಎಂದು ತುಂಬಿದಳು.

ಆನ್ಸೆಲ್ಮ್ ಬಂದ, ಕನ್ನಡಕ ಹಣೆಗೇರಿಸಿ ತೆರೆಗೆ ಮೂಗು ತಾಗಿಸಿದ.
ಅವಳು ಸೂರು ಕಳಚಿದಳು, ಹೊರಹಲಗೆ ಕಳಚಿದಳು,
ಎಲುಬಿನ ಮನೆಯನ್ನು ಒಂದು ಸುತ್ತು ತಿರುಗಿಸಿದಳು.
"ಎಲ್ಲ ಸರಿ. ಕಿರುಗುಟ್ಟುವುದಿಲ್ಲವಲ್ಲ ಇದು," ಎಂದ.

ಗಾಳಿಯಲ್ಲಿ ಕಟ್ಟಿದ್ದು ಗಾಳಿಗೋಪುರ.
ಗಾಳಿಗೆ ಕಟ್ಟಿದ್ದು ಮನೆ.
ನಡುವೆ ಒಂದು ವಿಭಕ್ತಿಯಷ್ಟೇ ವ್ಯತ್ಯಾಸ,
ಅದರೊಳಗೆ ಹನ್ನೊಂದು ಕಂಬ.

ಕಿಟಕಿ ಬರಬೇಕಾದಲ್ಲೇ ಹುಟ್ಟು ನಿಂತಿತ್ತು.
ಓಡಿಲ್ ನಕಾಶೆಯ ಮೇಲೆ ಕಾಫಿ ಲೋಟ ಇಟ್ಟು ಯೋಚಿಸಿದಳು.
"ಅದು ಇರಲಿ. ಕಿಟಕಿ ಅತ್ತ ಸರಿಯಲಿ.
ಅರ್ಧ ಬೆಟ್ಟ ಸಾಕು ನನಗೆ."

ಆ ರಾತ್ರಿ ಸುಯೆತ್ ಇಳಿಯಿತು. ಕರೆಂಟು ಹೋಯಿತು.
ಮನೆ ಇದ್ದಲ್ಲಿ, ಕಪ್ಪು ಗಾಜಿನಲ್ಲಿ, ಝೆಲಿಯ ಮುಖ.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಪೈಕಿಯಲ್ಲ ಅವಳು.
ಮೇಣದಬತ್ತಿ ಸಿಗಲಿಲ್ಲ. ಬೆರಳ ಗೆಣ್ಣಿನಿಂದ
ತನ್ನ ಮನೆಯ ಗೋಡೆ ತಟ್ಟುತ್ತ ಹೊರಟಳು:
ಟೊಳ್ಳು, ಟೊಳ್ಳು, ಗಟ್ಟಿ.
ಟೊಳ್ಳು, ಟೊಳ್ಳು, ಗಟ್ಟಿ.
ಮಂಚದ ತಲೆಬದಿಗೆ ಬಂದಾಗ
ಗಟ್ಟಿ, ಹದಿನಾರಕ್ಕೆ ಮೊದಲೇ.

ಮತ್ತೊಮ್ಮೆ ತಟ್ಟಿದಳು.

ಈ ಮನೆ ಕೊಂಡು ಆರು ವರ್ಷ.
ಮುಂಚೆ ಇದ್ದವರ ಹೆಸರು ಪತ್ರದಲ್ಲಿ ಎಲ್ಲೋ ಇರಬೇಕು,
ಎಂದೂ ಓದಿರಲಿಲ್ಲ.
ಕತ್ತಲಲ್ಲಿ ಗೋಡೆಗೆ ಕಿವಿಯಿಟ್ಟು ನಿಂತಳು.