ಬಿಚ್ಚುವಾಗ ಕಪ್ಪು ಮೊದಲು

ಬೈತಖೋಲದಿಂದ ಕೈಗಾಕ್ಕೆ ಬಂಗುಡೆ ಹೊರುವ ನನ್ನ ಓಮ್ನಿ
ಮಂಗಳವಾರ ಏಳಲಿಲ್ಲ.
ಕೀ ತಿರುಗಿಸಿದರೆ ಟಕ್. ಮತ್ತೊಮ್ಮೆ ಟಕ್.
ಗೋಡೆಯ ಹಲ್ಲಿಯಷ್ಟೇ ಮಾತು.
ಕ್ರೇಟಿನ ಮಂಜು ಕರಗಿ ಹಿಂಬಾಗಿಲಿಂದ ತೊಟ್ಟಿಕ್ಕುತ್ತಿತ್ತು.
ತುಳಸು ಮತ್ತವನ ಜನ ಇಳಿಜಾರಿನ ತನಕ ನೂಕಿ ಹೊತ್ತಿಸಿದರು,
ತಲೆಗೆರಡು ಬಂಗುಡೆಯ ಲೆಕ್ಕದಲ್ಲಿ.
ಕೋಡಿಬಾಗದ ಇನಾಸನ ಶೆಡ್ಡಿನೆದುರು
ತಾನಾಗಿ ನಿಂತಿತು.

ಇನಾಸ ಗಾಡಿ ನೋಡಲಿಲ್ಲ, ನನ್ನ ಕೈ ನೋಡಿದ.
‘ಇದು ಯಾವಾಗ ಗೋ ಶೇವಂತಿ?’
ಹೋದ ಐತವಾರ.
‘ಯಾರು?’
ಅಂಕೋಲೆಯವ. ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಾನೆ.
‘ತೆಗೆ.’

ಮಂಜು, ಉಪ್ಪು ಮುಟ್ಟಿ ಮುಟ್ಟಿ ಬಾತ ಬೆರಳು.
ಸಾಬೂನಿಗೂ ಬಗ್ಗಲಿಲ್ಲ.

ಅವನು ತನ್ನ ಎಡಗೈ ಚಾಚಿದ.
ಉಂಗುರದ ಬೆರಳ ಬುಡಕ್ಕೆ ಸುತ್ತಲೂ ಒಂದು ಬಿಳಿ ಕಲೆ,
ರೋಮವಿಲ್ಲದ್ದು, ಮೀನಿನ ಹೊಟ್ಟೆಯ ಹಾಗೆ ಹೊಳೆಯುವಂಥದ್ದು.
‘ಮದುವೆಯಾಗಿ ಹನ್ನೊಂದನೇ ದಿನ. ಮಾಜಾಳಿಯ ಲಾರಿ.
ಪಾನಾ ಕೆಂಪು ಟರ್ಮಿನಲ್ಲಿಗೆ, ಉಂಗುರ ಲಾರಿಯ ಮೈಗೆ.
ಚಿನ್ನ ಬೆರಳಲ್ಲೇ ಕೆಂಪಾಗುವುದು ನೋಡಿದ್ದೀಯಾ?
ಆಸ್ಪತ್ರೆಯಲ್ಲಿ ಕತ್ತರಿಸಿದರು.’
ಯಾವುದನ್ನ?
‘ಉಂಗುರವನ್ನ. ಬೆರಳು ಉಳಿಯಿತು.
ಸಿಸಿಲಿಯಾ ಒಂದು ತಿಂಗಳು ಮಾತಾಡಲಿಲ್ಲ.’

ಗೂಟದ ಮೇಲೆ ಎರಡು ಡಬ್ಬಿ.
ಒಂದರಲ್ಲಿ ತೆಳ್ಳಗಿನ ಎಣ್ಣೆ, ಜೇನಿನ ಬಣ್ಣ, ದುಬಾರಿ.
ನನಗೆ ಅದೇ ಇರಲಿ ಅಂದೆ, ಎಷ್ಟಾದರೂ ಆಗಲಿ.
ನಕ್ಕ. ‘ಅದು ಹೊಸ ಗಾಡಿಗೆ. ಸಣ್ಣ ಸಂದಿಗಳು, ನೀರಿನಂಥ ಎಣ್ಣೆ.
ನಿನ್ನದು ಎರಡು ಲಕ್ಷ ಕಿಲೋಮೀಟರ್ ಓಡಿದ ಮುದುಕಿ,
ಒಳಗೆಲ್ಲ ಸಡಿಲ.
ಇಪ್ಪತ್ತು ಡಬ್ಲ್ಯೂ ನಲವತ್ತು, ದಪ್ಪದ್ದು, ಸಾಕು.
ಗಾಡಿಯ ಪುಸ್ತಕದಲ್ಲೇ ಬರೆದಿದೆ. ಎಲ್ಲಿ ಪುಸ್ತಕ?’
ಹಾಳೆ ಹರಿದು ಸುಂಗಟೆ ಕಟ್ಟಿ ಕೊಟ್ಟೆ ಅಂದೆ.

ಗಾಡಿಗೆ ಬೇಡವಾದ ಆ ಜೇನಿನ ಎಣ್ಣೆಯ ಒಂದು ಹನಿ
ನನ್ನ ಬೆರಳಿಗೆ ಬಿಟ್ಟ.
ಉಂಗುರ ಜಾರಿತು, ಯಾರೂ ಎಳೆಯದ ಹಾಗೆ.
ಅದನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು
ಸಂತ ಅಂತೋನಿಯ ಪಟದ ಕೆಳಗೆ ಇರಿಸಿದ.

ಆಮೇಲೆ ಸೀಟು ಎತ್ತಿದ.
ಟರ್ಮಿನಲ್ಲಿನ ಮೇಲೆ ಕಡಲಗಾಳಿ ಬೆಳೆಸಿದ ಹೂವು,
ಅರ್ಧ ಬಿಳಿ, ಅರ್ಧ ಪಾಚಿ.
ಬೀಡಿ ಕಚ್ಚಿಕೊಂಡೇ ಬಗ್ಗಿದ ತುಳಸುವಿನ ಕೆನ್ನೆಗೆ
ಹೊಡೆಯಲಿಲ್ಲ, ಹೊಡೆಯುವಷ್ಟು ಹತ್ತಿರ ಹೋದ:
‘ಇದರ ಬಾಯಿಂದ ಬರುವ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ.
ಬೆಂಕಿ ಮಾತ್ರ ಗುರುತು ಹಿಡಿಯುತ್ತದೆ.’

ನನ್ನ ಕೈಗೇ ಪಾನಾ ಕೊಟ್ಟ.
‘ಬಿಚ್ಚುವಾಗ ಕಪ್ಪು ಮೊದಲು. ಕಪ್ಪು ಹೋದರೆ
ಪಾನಾ ಎಲ್ಲಿ ತಾಗಿದರೂ ಕಿಡಿಯಿಲ್ಲ. ಆಮೇಲೆ ಕೆಂಪು.
ಕಟ್ಟುವಾಗ ತಿರುವು ಮುರುವು, ಕಪ್ಪು ಕೊನೆಗೆ.
ಎತ್ತು ನೆಟ್ಟಗೆ, ಬಿಸಿ ಸಾರಿನ ಪಾತ್ರೆ ಎತ್ತಿದ ಹಾಗೆ.
ಮೈಗೆ ಚೆಲ್ಲಿದರೆ ಒರೆಸುತ್ತ ಕೂರಬೇಡ,
ಬಾವಿ ಇದೆ, ಕೊಡಗಟ್ಟಲೆ ಸುರಿ.’
ಅವನಂಗಿಯ ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು,
ಆಚೆಗೆ ಜನಿವಾರದಷ್ಟು ತೆಳು ಬಿಸಿಲು.

ಸೋಡಾ ಪುಡಿ ಕಲಸಿದ ಬಿಸಿನೀರಿಗೆ ಹೂವು ಬುಸುಗುಟ್ಟಿತು,
ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಿ,
ಕೆಂಪು, ಕೊನೆಗೆ ಕಪ್ಪು.
ಒಂದೇ ಕೀಗೆ ಎದ್ದಿತು ಮುದುಕಿ.

ಕದ್ರಾ ರಸ್ತೆ ಮುಗಿದು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ
ಚಿಲ್ಲರೆ ಎಣಿಸುವಾಗ ಬೆರಳು ಹಗುರಾಗಿತ್ತು.
ಅಲ್ಲಿ ನಿಂತು ಉಳಿದ ಬಂಗುಡೆಯನ್ನೂ ಮಾರಿದೆ,
ಎಂದಿಗಿಂತ ಎರಡು ರೂಪಾಯಿ ಹೆಚ್ಚಿಗೆ.

ರಾತ್ರಿ ಇನಾಸನ ಫೋನು.
ಗೊತ್ತು ಅಂದೆ. ಎಣ್ಣೆ ಬದಲಿಸಲು
ಇನ್ನೂ ಐದು ಸಾವಿರ ಕಿಲೋಮೀಟರ್ ಇದೆಯಲ್ಲ,
ಆಗ ಬಂದರೆ ಆಗದಾ?
ಆ ಕಡೆ ತುಸು ಹೊತ್ತು ಬರೀ ಕಡಲು.
ಆಮೇಲೆ, ‘ಮುಚ್ಚಳ ನನಗೆ ಬೇಕು ಗೋ.
ಡಬ್ಬಿ ತೆರೆದೇ ಇದೆ.’