ಎರಡನೇ ಹೆಜ್ಜೆಗೆ

"ಹುಡುಗನಿಗೆ ಕೊಡು!" ಬೆಂಚಿನಿಂದ ಬ್ರೋನ್ಯುಸ್ ಕೂಗುತ್ತಾನೆ,
ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ದಾಟಿಸಿದಷ್ಟೇ ಸಲೀಸು ಎಂಬಂತೆ.
ಹತ್ತೊಂಬತ್ತರ ಐಮಾಂತಸ್ ಎಡಮೂಲೆಯಲ್ಲಿ ಕೈಯೆತ್ತಿ ನಿಂತಿದ್ದಾನೆ.
ಮೈಗೆ ಇಬ್ಬರು ಅಂಟಿದ್ದಾರೆ.
ಈಗ ಎಸೆದರೆ ಚೆಂಡು ಅವರದು.

ನಿಂತ ಕೈಗೆ ನಾನು ಕೊಡುವವನಲ್ಲ.

ಅಪ್ಪ ನ್ಯಾರೋಗೇಜ್ ಸ್ಟೇಷನ್ನಿನಲ್ಲಿದ್ದ.
ನಿಲ್ಲದೆ ಹೋಗುವ ಎಂಜಿನ್ನಿಗೆ
ಬೆತ್ತದ ಬಳೆಗೆ ಕಟ್ಟಿದ ಟೋಕನ್ ಎತ್ತಿ ಹಿಡಿಯುತ್ತಿದ್ದ,
ರೆಪ್ಪೆಯ ಮೇಲೆಲ್ಲ ಹಿಮ.
"ಡ್ರೈವರನ ಮುಖ ನೋಡಬಾರದು,
ಅವನ ಕೈ ಬರಲಿರುವ ಜಾಗ ನೋಡಬೇಕು."
ಒಮ್ಮೆ ತಪ್ಪಿತು. ರೈಲು ಅಷ್ಟು ದೂರ ಹೋಗಿ
ಹಿಂದೆ ಹಿಂದೆ ಬಂತು;
ಕಿಟಕಿಗಳೆಲ್ಲ ನಕ್ಕವು.
ಅಪ್ಪ ಆ ರಾತ್ರಿ ಉಣ್ಣಲಿಲ್ಲ.

ಪನೆವೇಜಿಸ್ಸಿನ ಈ ಹಳೇ ಹಾಲಿನಲ್ಲಿ
ಎಡಗಡೆಯ ಹಲಗೆಯೊಂದು ಸತ್ತಿದೆ,
ಅಲ್ಲಿ ಚೆಂಡು ಪುಟಿಯುವುದಿಲ್ಲ, ನಿಟ್ಟುಸಿರು ಬಿಡುತ್ತದೆ.
ಅದನ್ನೂ ಲೆಕ್ಕಕ್ಕೆ ಹಿಡಿದು
ಬಲಕ್ಕೆ ಓಡುತ್ತೇನೆ. ಕಣ್ಣು ಬಲಕ್ಕೆ, ಭುಜ ಬಲಕ್ಕೆ,
ಮೂವತ್ತೈದರ ಮಂಡಿನೋವೂ ಬಲಕ್ಕೆ.
ದಪ್ಪ ಯೋರಿಸ್ ಕಂಬದಂತೆ ಅಡ್ಡ ನಿಂತ,
ಅಂಟಿದವರಲ್ಲೊಬ್ಬ ಹೋಗಿ ಅವನಿಗೆ ಬಡಿದ.
ಹುಡುಗ ಮೊದಲ ಹೆಜ್ಜೆ ಕಿತ್ತ.

ಇನ್ನೂ ಇಲ್ಲ.

ಎರಡನೆಯದಕ್ಕೆ, ನೋಡದೆ, ಬೆನ್ನ ಹಿಂದಿನಿಂದ ಬಿಟ್ಟೆ
ಯಾರೂ ಇಲ್ಲದ ಬಯಲಿಗೆ.
ಅಷ್ಟು ಹೊತ್ತು ಚೆಂಡು ಯಾರದೂ ಅಲ್ಲ.

ಬಲೆ ಸರ್ರೆಂದಿತು. ಗ್ಯಾಲರಿ ಎದ್ದು ನಿಂತು
ಅವನ ಹೆಸರು ಕೂಗಿತು.

ವಾಪಸು ಓಡುತ್ತ ಪಕ್ಕಕ್ಕೆ ಬಂದವನೇ ಕೇಳಿದ:
"ಆಗಿನಿಂದ ಕೈಯೆತ್ತಿದ್ದೆನಲ್ಲ ಮುದುಕಾ,
ಕಾಣಲಿಲ್ಲವಾ?"