ಒಳಗೆ ಬಿಟ್ಟ ಬಟ್ಟೆ

ಮೇ ತಿಂಗಳು. ಅಗ್ರಹಾರದ ಓಣಿಯ ನನ್ನ ಅಂಗಡಿಯಲ್ಲಿ
ನೀಲಿ ಬಿಟ್ಟರೆ ಬೇರೆ ಬಣ್ಣವಿಲ್ಲ.
ನಲವತ್ತು ಲಂಗ, ಅರವತ್ತು ಚಡ್ಡಿ,
ಶಾಲೆ ತೆರೆಯಲು ಹದಿನೇಳು ದಿನ.
ಇದರ ನಡುವೆ ಇಂಚರ
ಸೀಮೆಸುಣ್ಣದ ಪುಡಿ ಊದಿ
ಕಟಿಂಗ್ ಟೇಬಲ್ಲಿನ ಮೇಲೆ ಮೂರು ಕಾಗದ ಹರಡಿದಳು.

ಇಂಚು ಅಂತಲೇ ಕರೆಯುತ್ತೇನೆ ನಾನು.
ಹೆಸರಿಟ್ಟ ದಿನವೂ ಟೇಪು ಕೊರಳಲ್ಲೇ ಇತ್ತು.

ಪುಣೆಯದು ದಪ್ಪ ಅಕ್ಷರದಲ್ಲಿ ನೂರಕ್ಕೆ ನೂರು ಮಾಫಿ ಎನ್ನುತ್ತದೆ.
ಎದುರಿನ ಗುಂಡಿ ಅಂಗಡಿಯ ಚನ್ನಾಜಪ್ಪನಿಗೆ
ಆಗಲೇ ಕೂಗಿ ಹೇಳಿಬಿಟ್ಟೆ, ಕಾಫಿ ತರಿಸಿದ.
ಕೆಳಗಿನ ಸಣ್ಣ ಸಾಲು ಕಂಡದ್ದು ಕಾಫಿ ಆರಿದ ಮೇಲೆ:
ಮಾಫಿ ಪಾಠಕ್ಕೆ ಮಾತ್ರ.
ಮಲಗುವುದಕ್ಕೆ, ಉಣ್ಣುವುದಕ್ಕೆ
ಒಂದು ಲಕ್ಷ ತೊಂಬತ್ತು ಸಾವಿರ, ವರ್ಷ ವರ್ಷ ಏರುವುದು,
ಎಷ್ಟು ಏರುವುದು ಅಂತ ಇಲ್ಲ.

ದಿಲ್ಲಿಯಾಚೆಯದು ದೊಡ್ಡ ಕೈ.
ಎಂಟು ಲಕ್ಷದಲ್ಲಿ ಏಳು ಲಕ್ಷ ನೆರವು, ಮೊದಲ ವರ್ಷಕ್ಕೆ.
ಆ ಏಳನ್ನು ಇಂಚು ಪೆನ್ಸಿಲ್ ಹಿಡಿದು ಬಿಚ್ಚಿದಳು,
ತಪ್ಪು ಹೊಲಿಗೆ ಬಿಚ್ಚುವ ಹಾಗೆ, ಒಂದೊಂದೇ ಎಳೆ.
ಒಳಗೆ ಒಂದು ಲಕ್ಷ ಇಪ್ಪತ್ತು ಸಾವಿರ ಸಾಲ.
"ಸಾಲ ಹೇಗೆ ನೆರವಾಗುತ್ತೆ?"
"ಅವರ ಭಾಷೇಲಿ ಆಗುತ್ತಮ್ಮ."
ನಮ್ಮ ಬೀದಿಯ ಚೀಟಿ ನಿಂಗಾಜಮ್ಮ ಕೂಡ
ಸಾಲಕ್ಕೆ ಸಾಲ ಅಂತಲೇ ಅನ್ನುತ್ತಾಳೆ,
ಆ ಮಟ್ಟಿಗೆ ಮರ್ಯಾದಸ್ಥೆ.

ಹೈದರಾಬಾದಿನದು ಸಡಗರವಿಲ್ಲದ ಕಾಗದ.
ನಾಲ್ಕು ಲಕ್ಷದಲ್ಲಿ ಎರಡು ನಲವತ್ತು ನಮ್ಮದು, ಮಿಕ್ಕದ್ದು ನಿಮ್ಮದು.
ಶುಲ್ಕ ಏರಿದರೆ ನಮ್ಮ ಪಾಲೂ ಏರುತ್ತದೆ.
ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡೆ.
ಮಿಕ್ಕದ್ದು ಅಂದರೆ ಒಂದು ಅರವತ್ತು.
ಬಾಡಿಗೆ, ಕರೆಂಟು ಕಳೆದರೆ
ಅಂಗಡಿಯ ವರ್ಷದ ಗಳಿಕೆಯೂ ಹೆಚ್ಚುಕಮ್ಮಿ ಅಷ್ಟೇ.

ಇಪ್ಪತ್ತೆರಡು ವರ್ಷ ಸಮವಸ್ತ್ರ ಹೊಲಿದವಳಿಗೆ
ಬೇರೆ ಗಣಿತ ಬರುವುದಿಲ್ಲ.
ತಾಯಂದಿರು ಲಂಗ ತಿರುಗಿಸಿ ಮೊದಲು ಕೇಳುವುದು:
ಒಳಗೆ ಎಷ್ಟು ಬಿಟ್ಟಿದ್ದೀರ?
ಈ ವರ್ಷದ ಅಳತೆಗೆ ಯಾರು ಬೇಕಾದರೂ ಹೊಲಿದಾರು.

ಮೂರು ಅರ್ಜಿಯಲ್ಲೂ ತಂದೆಯ ವರಮಾನ ಅಂತ ಒಂದು ಚೌಕ ಇತ್ತು.
ಖಾಲಿ ಬಿಟ್ಟರೆ ಕೆಂಪಾಯಿತು, ಮುಂದಕ್ಕೆ ಬಿಡಲಿಲ್ಲ.
ಸೊನ್ನೆ ಹಾಕಿದೆವು.
ಸೊನ್ನೆಯೂ ಪೂರಾ ನಿಜವಲ್ಲ,
ಹೋದ ದಸರೆಯ ಹಿಂದಿನ ದಸರೆಗೆ
ಕೊಳ್ಳೇಗಾಲದಿಂದ ಎರಡು ಸಾವಿರ ಬಂದಿತ್ತು.
"ಅದನ್ನ ಬರೆದರೆ ಅವರನ್ನ ಲೆಕ್ಕಕ್ಕೆ ತಗೋತಾರೆ,"
ಅಂದಳು ಇಂಚು, "ನಾವೇ ತಗೊಂಡಿಲ್ಲ."

ಶನಿವಾರ ಹನ್ನೊಂದಕ್ಕೆ ದಿಲ್ಲಿಯಾಚೆಗೆ ಫೋನು ಮಾಡಿದಳು,
ಬಟ್ಟೆ ಕಟ್ಟಿನ ಹಿಂದೆ ನಿಂತು, ಇಂಗ್ಲಿಷಿನಲ್ಲಿ.
ಅದೇ ಹೊತ್ತಿಗೆ ಸರಸ್ವತಿಪುರದವರೊಬ್ಬರು ಕಾರು ನಿಲ್ಲಿಸಿ
ಎರಡು ಲಂಗಕ್ಕೆ ಎಂಬತ್ತು ರೂಪಾಯಿ ಇಳಿಸಿ ಅಂತ ನಿಂತರು.
ಆಗಲ್ಲ ಅಂದೆ, ರೇಟು ಎಲ್ಲರಿಗೂ ಒಂದೇ.
ಹಿಂದಿನಿಂದ ಇಂಚುವಿನ ದನಿ.
ಪದ ಗೊತ್ತಾಗಲಿಲ್ಲ. ರಾಗ ಗೊತ್ತಾಯಿತು:
ಸ್ವಲ್ಪ ನೋಡಿ ಸಾರ್,
ಇನ್ನೊಂದು ಕಡೆ ಇಷ್ಟು ಕೊಡ್ತಾ ಇದಾರೆ.
ಸರಸ್ವತಿಪುರದವರಿಗೆ ನಲವತ್ತು ಬಿಟ್ಟೆ.
ಯಾಕೆ ಬಿಟ್ಟೆ ಅಂತ ಅವರಿಗೆ ತಿಳಿಯಲಿಲ್ಲ,
ಚೀಲ ತಗೊಂಡು ಬೇಗ ಹೋದರು.

"ಸೋಮವಾರ ಹೇಳ್ತಾರಂತೆ."
ಗುಂಡಿ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಳು,
ಒಮ್ಮೆ ಬಿಗಿ, ಒಮ್ಮೆ ಸಡಿಲ.

ರಾತ್ರಿ ಬೀರು ತೆಗೆದು
ಅವಳ ಏಳನೇ ಕ್ಲಾಸಿನ ಲಂಗ ಹುಡುಕಿದೆ.
ಅಂಚು ಮೂರು ಸಲ ಇಳಿಸಿದ್ದೆ. ಮೂರು ಗೆರೆ,
ಎಷ್ಟು ಒಗೆದರೂ ಹೋಗದವು,
ಒಂದೊಂದರ ಕೆಳಗೂ ಬಿಸಿಲು ಕಾಣದ ನೀಲಿ.
ಹತ್ತನೇ ಕ್ಲಾಸಿಗೆ ಬಟ್ಟೆ ಮುಗಿದು
ಬೇರೆ ತಾನಿನ ಪಟ್ಟಿ ಕೂಡಿಸಿದ್ದೆ,
ಚೆನ್ನಾಗೇ ಕೂತಿದೆ ಅಂದುಕೊಂಡಿದ್ದೆ.
ಆ ವರ್ಷವಿಡೀ ಅವಳು ಬ್ಯಾಗನ್ನು ಬೆನ್ನಿಗೆ ಹಾಕದೆ
ಮೊಣಕಾಲಿನ ಮುಂದೆ ಕೈಯಲ್ಲಿ ಹಿಡಿದು ನಡೆದಳು.
ನಾನು ಅಂಗಡಿಯಿಂದ ನೋಡುತ್ತಿದ್ದೆ,
ಬೆನ್ನು ನೋವೇನೋ ಅಂತ.